ನೀಲಾಂಜನೆ ಯಾತರ ಸಂಕೇತ?

"ಕಾಕಾ, ನೀಲಾಂಜನೆ ಯಾತರ ಸಂಕೇತ ಅದ? ಐದ್ ಮಾರ್ಕಿನ ಪ್ರಶ್ನೆ."

ಸೇಡಂನಲ್ಲಿ ಡಿಗ್ರಿ ಓದುವ ಅಣ್ಣನ ಮಗಳು ಗೈಡು ಹಿಡಿದುಕೊಂಡೇ ಕೇಳಿದಳು. ಉತ್ತರ ಅದರಲ್ಲಿ ಅಚ್ಚಾಗಿಯೇ ಇತ್ತು: ನೀಲಾಂಜನೆ ಸಂಸಾರದ ಅನಿತ್ಯತೆಯ ಸಂಕೇತ. ಅದರ ಕೆಳಗೆ ಕರ್ಣ ಯಾವುದರ ಸಂಕೇತ, ವೈಶಂಪಾಯನ ಸರೋವರ ಯಾವುದರ ಸಂಕೇತ ಎಂದು ಸಾಲುಸಾಲು. "ಉತ್ತರ ಅದರಾಗೇ ಅದ ಅಲಾ?" ಅಂದೆ. "ಅದ. ಆದ್ರ ಅಕಿ ಯಾರು ಅಂತ ಎಲ್ಲೂ ಬರದಿಲ್ಲ" ಅಂದಳು.

ನಾನು ಹೇಳಬೇಕೆಂದಿರುವುದೆಲ್ಲ ಆ ಹುಡುಗಿಯ ಮಾತಿನಲ್ಲೇ ಇದೆ. ಹಳೆಯ ಕಾವ್ಯದಲ್ಲಿ ಸಂಕೇತ ಹುಡುಕುವುದು ತಪ್ಪಲ್ಲ. ಕಣ್ಣೆದುರಿಗಿರುವುದನ್ನು ನೋಡುವ ಮೊದಲೇ ಅದರ ಅರ್ಥ ಹೇಳಿ ಮುಗಿಸುವುದು ತಪ್ಪು. ಹಾಗೆ ಕಲಿತ ವಿದ್ಯಾರ್ಥಿಗೆ ಕಾವ್ಯ ಬೇಕಾಗುವುದೇ ಇಲ್ಲ, ಪಟ್ಟಿ ಸಾಕು.

ಅವಳು ಯಾರು? ಪಂಪನ ಆದಿಪುರಾಣದಲ್ಲಿ ಬರುವ ದೇವಲೋಕದ ನರ್ತಕಿ. ಆದಿದೇವ ರಾಜ್ಯಭೋಗದಲ್ಲಿ ಮುಳುಗಿದ್ದಾನೆ, ಅವನು ಧರ್ಮ ಹೇಳಬೇಕಾದ ಕಾಲ ಬಂದಿದೆ. ಇಂದ್ರ ಬೇಕೆಂದೇ ಆಯುಷ್ಯ ತೀರುತ್ತ ಬಂದ ನೀಲಾಂಜನೆಯನ್ನು ಕರೆತಂದು ಅವನ ಆಸ್ಥಾನದಲ್ಲಿ ಕುಣಿಸುತ್ತಾನೆ. ಕುಣಿಯುತ್ತಿರುವಾಗಲೇ ಅವಳ ಆಯುಷ್ಯ ಮುಗಿಯುತ್ತದೆ, ದೇಹ ಮಾಯವಾಗುತ್ತದೆ. ರಸಭಂಗವಾಗದಿರಲೆಂದು ಇಂದ್ರ ತಕ್ಷಣ ಅವಳಂಥವಳನ್ನೇ ಅಲ್ಲಿ ನಿಲ್ಲಿಸುತ್ತಾನೆ. ಹೆಜ್ಜೆ ತಪ್ಪುವುದಿಲ್ಲ, ತಾಳ ತಪ್ಪುವುದಿಲ್ಲ. ಸಭೆಯೆಲ್ಲ ನೋಡುತ್ತಲೇ ಇದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದಿದೇವನೊಬ್ಬನಿಗೆ ಗೊತ್ತಾಗುತ್ತದೆ.

ಗೈಡಿನ ಉತ್ತರ ಇಟ್ಟುಕೊಂಡು ಇದನ್ನು ಮತ್ತೊಮ್ಮೆ ಓದಿ ನೋಡಿ. ಅನಿತ್ಯತೆ ತೋರಿಸುವುದಷ್ಟೇ ಕೆಲಸವಾಗಿದ್ದರೆ ನರ್ತಕಿ ಬಿದ್ದು ಸತ್ತರೆ ಸಾಕಿತ್ತು. ಎರಡನೆಯವಳು ಯಾಕೆ ಬೇಕು? ಸಾವು ಅಲ್ಲಿ ನಡೆಯುತ್ತದೆ, ಆದರೆ ಜಾಗ ಖಾಲಿಯಾಗುವುದಿಲ್ಲ. ಹೋದವಳ ಗುರುತು ಸಿಗದಷ್ಟು ಬೇಗ ಅದು ತುಂಬಿಬಿಡುತ್ತದೆ. ನನ್ನ ಎದೆಗೆ ನಾಟುವುದು ಸಾವಲ್ಲ, ಆ ತುಂಬುವಿಕೆ. ಪಂಪ ನೃತ್ಯದ ವರ್ಣನೆಗೇ ಅಷ್ಟು ಪದ್ಯ ಮೀಸಲಿಟ್ಟದ್ದೂ ಸುಮ್ಮನೆ ಅಲ್ಲ. ಓದುವ ನಾವೂ ಆ ಸಭೆಯವರಂತೆ ಕುಣಿತದಲ್ಲಿ ಮೈಮರೆಯಬೇಕು, ಬೆಸುಗೆ ನಮಗೂ ಕಾಣದೆ ಹೋಗುವ ಹಾಗಿರಬೇಕು. ಅನಿತ್ಯತೆಯ ಸಂಕೇತ ಎಂದು ಮೊದಲೇ ಗೊತ್ತಿದ್ದವನಿಗೆ ಆ ಮೈಮರೆವು ಸಿಗುವುದಿಲ್ಲ.

ಇದು ಎಲ್ಲೋ ದೂರದ ಕತೆಯಲ್ಲ. ಸೇಡಂನಿಂದ 20 ಕಿಲೋಮೀಟರಿನೊಳಗೆ ಕಾಗಿಣಾ ದಂಡೆಯಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಗುರು ಜಿನಸೇನ ಈ ಪ್ರಸಂಗವನ್ನು 9ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ. ರಾಷ್ಟ್ರಕೂಟರ ಸಾಮಂತರಾಗಿದ್ದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ ಪಂಪ 941ರಲ್ಲಿ ಕನ್ನಡದಲ್ಲಿ ಬರೆದ. ಅದೇ ಶತಮಾನದಲ್ಲಿ ಪುಷ್ಪದಂತ ಮಾನ್ಯಖೇಟದಲ್ಲೇ ಕೂತು ಅಪಭ್ರಂಶದಲ್ಲಿ ಬರೆದ. ಮೂರು ಭಾಷೆ, ಮೂವರು ಕವಿಗಳು. ಅವಳು ಒಂದೇ ಪದದಲ್ಲಿ ಮುಗಿಯುವವಳಾಗಿದ್ದರೆ ಜಿನಸೇನನ ನಂತರದವರು ಲೇಖನಿ ಹಿಡಿಯಬೇಕಿರಲಿಲ್ಲ. 972ರಲ್ಲಿ ಪರಮಾರರ ಸೀಯಕ ಮಾನ್ಯಖೇಟವನ್ನೇ ಲೂಟಿ ಹೊಡೆದ. ಅದಕ್ಕೂ ಅನಿತ್ಯತೆ ಎಂದು ಬರೆಯಬಹುದು. ನಿನ್ನೆ ಬಾಡಿದ ಹೂವಿಗೂ ಬರೆಯಬಹುದು. ಎಲ್ಲದಕ್ಕೂ ಹೊಂದುವ ಪದ ಯಾವುದರ ಬಗ್ಗೆಯೂ ಏನೂ ಹೇಳಿದಂತಾಗುವುದಿಲ್ಲ.

ಕಾಲೇಜಿನಲ್ಲಿ ಪಾಠ ಹೇಳುವ ಗೆಳೆಯರೊಬ್ಬರು ನನ್ನ ಈ ಮಾತಿಗೆ ಸಿಟ್ಟಾದರು. "ನೀವು ಆರಾಮ ಕೂತು ಹೇಳ್ತೀರಿ. ನಮ್ಮ ಕ್ಲಾಸಿನ್ಯಾಗ ಅರ್ಧಕ್ಕರ್ಧ ಮಕ್ಕಳು ಮನ್ಯಾಗ ಮೊದಲ ಸಲ ಕಾಲೇಜು ಕಂಡವ್ರು. ಖಣಿಗೆ ಹೋಗಿ ಬಂದು ಓದೋರು ಅದಾರ. ಅವರಿಗೆ ಹಳಗನ್ನಡ ಅಂದ್ರ ಬ್ಯಾರೆ ದೇಶದ ಭಾಷೆ. ಹಿಡ್ಕೊಳ್ಳಾಕ ಒಂದು ಹಗ್ಗ ಬೇಕ್ರಿ." ಈ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ವಾಡಿಯ ರೈಲಿನಲ್ಲಿ, ಚಿಂಚೋಳಿಯ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಪರೀಕ್ಷೆ ಬರೆಯುವ ಮಕ್ಕಳಿಗೆ ಐದು ಅಂಕ ಎಂದರೆ ಐದು ಅಂಕವೇ. ಆದರೆ ಅದೇ ಮಕ್ಕಳ ಮನೆಯಲ್ಲಿ ಒಂದು ವಿದ್ಯೆ ಇದೆ. ಶಹಾಬಾದಿನ ಖಣಿಯಲ್ಲಿ ಪರಸಿ ಎಬ್ಬಿಸುವುದನ್ನು ನೋಡಿದ್ದೀರಾ? ಆಳು ಮೊದಲು ಕಲ್ಲಿನ ಅಂಚನ್ನು ಕೈಯಿಂದ ಸವರಿ ಪದರು ಎಲ್ಲಿದೆ ನೋಡುತ್ತಾನೆ. ಅಲ್ಲಿ ಉಳಿ ಇಟ್ಟು ಹದವಾಗಿ ಬಡಿಯುತ್ತಾನೆ, ಹಾಳೆಯಂತೆ ಬಿಡಿಸಿಕೊಳ್ಳುತ್ತದೆ. ಪದರು ನೋಡದೆ ಹೊಡೆದರೆ ಸಿಗುವುದು ಚೂರು. ಕಾವ್ಯಕ್ಕೂ ಪದರು ಇದೆ. ಅದನ್ನು ಸವರಿ ನೋಡಲು ಕಲಿಸುವುದು ಸಿದ್ಧ ಅರ್ಥ ಕೊಡುವುದಕ್ಕಿಂತ ಕಷ್ಟವೇನಲ್ಲ, ಸ್ವಲ್ಪ ಹೊತ್ತು ಹಿಡಿಯುತ್ತದೆ ಅಷ್ಟೆ. "ಎರಡನೆಯವಳು ಯಾಕೆ ಬಂದಳು?" ಎಂದು ಕೇಳಿದರೆ ಯಾವ ಹುಡುಗನೂ ಗೈಡು ತೆಗೆಯುವುದಿಲ್ಲ, ತಲೆ ಕೆರೆದುಕೊಳ್ಳುತ್ತಾನೆ.

ಇನ್ನೂ ಗಟ್ಟಿಯಾದ ಆಕ್ಷೇಪ ಕನ್ನಡದ ಒಳಗಿನಿಂದಲೇ ಬರುತ್ತದೆ. ಅಲ್ಲಮನ ಬೆಡಗಿನ ವಚನಗಳನ್ನು ಬಿಡಿಸದೆ ಓದುವುದು ಹೇಗೆ? ಅವಕ್ಕೆ ಟೀಕೆ ಬರೆದವರ ಪರಂಪರೆಯೇ ಇದೆಯಲ್ಲ? ಹೌದು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತಾರೆ, ಹಾಡಿ ಅರ್ಥ ಬಿಡಿಸುತ್ತಾರೆ. ನಾನು ತಲೆಬಾಗುವ ಪಾಠಶಾಲೆ ಅದು. ಆದರೆ ಅಲ್ಲಿಯ ಕ್ರಮ ನೋಡಿ: ಹಾಡು ಮೊದಲು, ಅರ್ಥ ಆಮೇಲೆ. ಪದ ಎರಡು ಮೂರು ಸಲ ತಿರುಗಿ, ಕೂತವರ ನಾಲಿಗೆಗೆ ಹತ್ತಿದ ಮೇಲೆಯೇ ಹಿರಿಯರು ಬಾಯಿ ತೆರೆಯುತ್ತಾರೆ. ಕೇಳಿದವರು ಅರ್ಥ ಸಿಕ್ಕಿತೆಂದು ಪದ ಬಿಟ್ಟು ಎದ್ದು ಹೋಗುವುದಿಲ್ಲ. ಮುಂದಿನ ಅಮಾವಾಸ್ಯೆಗೆ ಮತ್ತೆ ಅದನ್ನೇ ಹಾಡುತ್ತಾರೆ.

ಕವಿಯೇ ಕೀಲಿಕೈ ಕೊಟ್ಟಿದ್ದರೂ ಅದರಿಂದ ಎಲ್ಲ ಬಾಗಿಲು ತೆರೆಯುವುದಿಲ್ಲ. ತನ್ನ ಭಾರತದ ಅರ್ಜುನನೇ ದೊರೆ ಅರಿಕೇಸರಿ ಎಂದು ಪಂಪ ಬಾಯಿಬಿಟ್ಟು ಹೇಳಿದ್ದಾನೆ. ಆದರೂ ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆಯಬೇಕು ಎನ್ನುವ ಮಾತು ಅವನಿಂದಲೇ ಬಂತು. ಇನ್ನು, ಓದುಗ ಏನು ತಿಳಿದರೂ ಅದೇ ಅರ್ಥ ಎನ್ನುವವರಿಗೆ ಪಂಪನೂ ಬೇಕಿಲ್ಲ, ನಾನೂ ಬೇಕಿಲ್ಲ.

ನಿಜವಾದ ಸಂಕೇತ ನೋಡಬೇಕೆಂದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಬೇಕು. ಪಕ್ಕದ ಕನಗನಹಳ್ಳಿಯಲ್ಲಿ, ಭೀಮಾ ದಂಡೆಯಲ್ಲಿ, 1990ರ ದಶಕದಲ್ಲಿ ಅಗೆದು ತೆಗೆದ ಬೌದ್ಧ ಸ್ತೂಪವಿದೆ. ಅದರ ಸುಣ್ಣಕಲ್ಲಿನ ಫಲಕಗಳಲ್ಲಿ ಬುದ್ಧ ಇರಬೇಕಾದ ಕಡೆ ಬರಿಯ ಪೀಠ, ಬೋಧಿವೃಕ್ಷ, ಪಾದದ ಗುರುತು, ಧರ್ಮಚಕ್ರ ಇವೆ. ಸುತ್ತ ಜನ ಕೈಮುಗಿದಿದ್ದಾರೆ, ನಡುವೆ ಪೀಠ ಖಾಲಿ. ಇಲ್ಲಿ ಸಂಕೇತಕ್ಕೆ ಗೊತ್ತಾದ ಅರ್ಥವಿದೆ, ಒಪ್ಪುತ್ತೇನೆ. ಆದರೆ ಆ ಪೀಠ ಮೊದಲು ಪೀಠವಾಗಿ ಕಾಣದೆ, ಅದರ ಮೇಲೆ ಯಾರೂ ಇಲ್ಲವೆಂದು ಕಣ್ಣಿಗೆ ಚುಚ್ಚದೆ, ಬುದ್ಧ ಅಲ್ಲಿಗೆ ಬರುವುದಿಲ್ಲ. ನೀಲಾಂಜನೆಯ ನೆನಪಿನಲ್ಲಿ ಆ ಪೀಠ ನನಗೆ ಇನ್ನೊಂದು ರೀತಿ ಕಾಣುತ್ತದೆ. ಕನಗನಹಳ್ಳಿಯಲ್ಲಿ ಖಾಲಿ ಜಾಗ ಒಬ್ಬ ಇದ್ದಾನೆ ಎನ್ನುತ್ತದೆ. ಪಂಪನಲ್ಲಿ ತುಂಬಿದ ಜಾಗ ಒಬ್ಬಳು ಇಲ್ಲ ಎನ್ನುತ್ತದೆ. ಎರಡಕ್ಕೂ ಅನಿತ್ಯತೆ ಎಂಬ ಒಂದೇ ಚೀಟಿ ಅಂಟಿಸಿದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ನನಗೆ ಸಂಕಟವಾಗುವುದು ಇಲ್ಲಿ. ಇಂದ್ರ ಅವಳನ್ನು ಒಮ್ಮೆ ಬಳಸಿಕೊಂಡ. ಅವಳ ಸಾವನ್ನು ಇನ್ನೊಬ್ಬನಿಗೆ ಪಾಠವಾಗಿಸಿದ, ಸತ್ತದ್ದು ಸಭೆಗೆ ತಿಳಿಯದಂತೆಯೂ ನೋಡಿಕೊಂಡ. ಯಾರೂ ಅವಳಿಗಾಗಿ ಅಳಲಿಲ್ಲ. ಪ್ರಶ್ನೆಪತ್ರಿಕೆ ಈಗ ಅದನ್ನೇ ಎರಡನೆಯ ಸಲ ಮಾಡುತ್ತಿದೆ. ಅವಳ ಜಾಗದಲ್ಲಿ ಒಂದು ಪದ ತಂದು ನಿಲ್ಲಿಸುತ್ತದೆ, ಹುಡುಗರು ಅವಳು ಹೋದದ್ದನ್ನೇ ಗಮನಿಸದೆ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆದಿದೇವನ ಕಣ್ಣು ಕೊಡಬೇಕಾದ ಪಾಠ ಸಭೆಯವರ ಕಣ್ಣು ಕೊಡುತ್ತಿದೆ.

ಅಮೋಘವರ್ಷನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ಕವಿರಾಜಮಾರ್ಗದಲ್ಲಿ ಧ್ವನಿಯ ಹೆಸರು ಬರುತ್ತದೆ. ಆ ಶತಮಾನದಲ್ಲೇ ಕಾಶ್ಮೀರದ ಆನಂದವರ್ಧನ ಧ್ವನಿಯ ಮೇಲೆ ಗ್ರಂಥವನ್ನೇ ಬರೆದ. ಹೇಳದೆ ಹೊಳೆಯುವ ಅರ್ಥವೇ ಕಾವ್ಯದ ಜೀವ ಎಂದವನು ಅವನು. ಅವನೂ ನೇರ ಅರ್ಥವನ್ನು ಬಿಡು ಎನ್ನಲಿಲ್ಲ. ಬೆಳಕು ಬೇಕಾದವನು ದೀಪದ ಕುಡಿಯನ್ನು ಜತನ ಮಾಡುವ ಹಾಗೆ, ಧ್ವನಿ ಬೇಕಾದವನು ವಾಚ್ಯಾರ್ಥವನ್ನು ಜತನ ಮಾಡಬೇಕು ಎಂದ. ನಮ್ಮ ಮನೆಯಲ್ಲಿ ದೇವರ ಮುಂದಿನ ದೀಪಕ್ಕೆ ನೀಲಾಂಜನ ಅನ್ನುತ್ತೇವೆ. ಅಂದು ಸಂಜೆ ವೈನಿ ಅದರ ಬತ್ತಿ ಆರುವ ಮೊದಲೇ ಅದರಿಂದಲೇ ಇನ್ನೊಂದು ಬತ್ತಿ ಹಚ್ಚಿ ಹಳೆಯದನ್ನು ತೆಗೆದರು. ಬೆಳಕು ಕದಲಲಿಲ್ಲ. ಹುಡುಗಿ ಅದನ್ನೇ ನೋಡುತ್ತ ಕೂತಿದ್ದಳು. ಆಗಷ್ಟೇ ನಾನು ಅವಳಿಗೆ ಕತೆ ಹೇಳಿ ಮುಗಿಸಿದ್ದೆ.

"ಕಾಕಾ, ಆ ಎರಡನೇ ಅಕಿಗಿ ಗೊತ್ತಿತ್ತೇನು, ತಾನು ಮೊದಲಿನಾಕಿ ಅಲ್ಲ ಅಂತ?"

ನನ್ನಲ್ಲಿ ಉತ್ತರವಿರಲಿಲ್ಲ. ಗೈಡು ಪಕ್ಕಕ್ಕಿಟ್ಟು ಆದಿಪುರಾಣ ತೆಗೆದೆವು. ನಾನು ಓದುತ್ತ ಹೋದೆ, ತಿಳಿಯದ ಪದ ಬಂದಲ್ಲೆಲ್ಲ ಅವಳು ನಿಲ್ಲಿಸಿ ಕೇಳಿದಳು. ಊಟಕ್ಕೆ ಕರೆಯುವ ಹೊತ್ತಿಗೆ ನೀಲಾಂಜನೆ ಇನ್ನೂ ಕುಣಿಯುತ್ತಿದ್ದಳು.