ಅತಿಥಿಗೆ ಮರ್ಯಾದೆ, ಮಕ್ಕಳಿಗೆ ಬಿಸಿಲೇ?



ಅತಿಥಿ ದೇವೋ ಭವ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಯಾರ ಮನೆಗೆ ಹೋದರೂ ಮೊದಲು ಕಾಲು ತೊಳೆಯಲು ನೀರು, ಆಮೇಲೆ ಬೆಲ್ಲ ಮತ್ತು ನೀರು, ದೊಡ್ಡವರಿಗೆ ಎಲೆಅಡಿಕೆಯ ಹರಿವಾಣ. ಬಡವರ ಮನೆ ಆದರೂ ಇದು ತಪ್ಪುವುದಿಲ್ಲ. ನೇಮ ಆಗುವಾಗ ದೈವ ಕೂಡ ಗುತ್ತಿನವರನ್ನು, ಊರವರನ್ನು ಕ್ರಮಪ್ರಕಾರ ಕರೆದು ಮಾತಾಡಿಸುತ್ತದೆ. ಕ್ರಮ ಹಿಂದೆ ಮುಂದೆ ಆದರೆ ದೊಡ್ಡ ಗಲಾಟೆಯೇ ಆಗುವುದುಂಟು!

ದೆಹಲಿಯಲ್ಲೂ ಇಂಥದ್ದೇ ಕ್ರಮ ಉಂಟು. ಅದಕ್ಕೆ ಶಿಷ್ಟಾಚಾರ ಎನ್ನುತ್ತಾರೆ. ಯಾರ ನಂತರ ಯಾರು ಎಂದು ಬರೆದಿಟ್ಟ ಪಟ್ಟಿಯೇ ಇದೆ. ಮೊದಲು ರಾಷ್ಟ್ರಪತಿ, ಎರಡನೆಯವರು ಉಪರಾಷ್ಟ್ರಪತಿ, ಮೂರನೆಯವರು ಪ್ರಧಾನಮಂತ್ರಿ. ಬೇರೆ ದೇಶದ ಅಧ್ಯಕ್ಷರು ಬಂದರೆ ರಾಷ್ಟ್ರಪತಿ ಭವನದ ಅಂಗಳದಲ್ಲಿ ಸ್ವಾಗತ. ಎರಡೂ ದೇಶಗಳ ರಾಷ್ಟ್ರಗೀತೆ, ಸೈನಿಕರ ಗೌರವ ರಕ್ಷೆ, 21 ತೋಪುಗಳ ವಂದನೆ. ಹಿಂದೆ ಹಡಗಿನವರು ಬಂದರಿಗೆ ಬರುವಾಗ ತಮ್ಮ ತೋಪುಗಳನ್ನು ಹಾರಿಸಿ ಖಾಲಿ ಮಾಡುತ್ತಿದ್ದರಂತೆ, ನಾವು ಜಗಳಕ್ಕೆ ಬಂದದ್ದಲ್ಲ ಎಂದು ತೋರಿಸಲಿಕ್ಕೆ. ಅದರಿಂದಲೇ ಈ ಪದ್ಧತಿ ಬಂತು ಎನ್ನುತ್ತಾರೆ. ಅಂದರೆ ಈ ಮರ್ಯಾದೆಗಳಿಗೆಲ್ಲ ಒಂದೊಂದು ಅರ್ಥ ಉಂಟು.

ನಮ್ಮ ಕರ್ನಾಟಕದ ಒಂದು ಹಳೆಯ ಕಥೆ ಹೇಳುತ್ತೇನೆ. 1443ರಲ್ಲಿ ಪರ್ಷಿಯಾದ ಕಡೆಯಿಂದ ಅಬ್ದುಲ್ ರಜಾಕ್ ಎಂಬ ರಾಯಭಾರಿ ವಿಜಯನಗರಕ್ಕೆ ಬಂದ. ಕಲ್ಲಿಕೋಟೆಯಿಂದ ಹಡಗಿನಲ್ಲಿ ನಮ್ಮ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಹೋದ. ಆಗ ರಾಜನಾಗಿದ್ದವನು ಎರಡನೆಯ ದೇವರಾಯ. ರಾಯಭಾರಿಗೆ ಉಳಿಯಲು ಮನೆ ಕೊಟ್ಟರು. ದಿನಕ್ಕೆ ಎರಡು ಕುರಿ, ಎಂಟು ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಮತ್ತು ಎರಡು ಚಿನ್ನದ ವರಹ ಕಳಿಸುತ್ತಿದ್ದರು. ರಾಜನನ್ನು ಕಾಣಲು ಹೋದಾಗಲೆಲ್ಲ ವೀಳ್ಯ, ಕರ್ಪೂರ ಮತ್ತು ಹಣದ ಚೀಲ ಕೊಡುತ್ತಿದ್ದರು. ಇದನ್ನೆಲ್ಲ ಅವನೇ ಬರೆದಿಟ್ಟಿದ್ದಾನೆ. ನಿಮ್ಮ ದೇಶದಲ್ಲಿ ರಾಯಭಾರಿಯನ್ನು ಊಟಕ್ಕೆ ಕೂರಿಸುತ್ತಾರೆ, ನಾವಿಬ್ಬರು ಒಟ್ಟಿಗೆ ಉಣ್ಣುವ ಕ್ರಮ ಇಲ್ಲ, ಆದ್ದರಿಂದ ಈ ಹಣವೇ ನಿಮಗೆ ನಮ್ಮ ಔತಣ ಎಂದು ರಾಜ ಹೇಳಿಸಿದನಂತೆ. ನೋಡಿ, ಎಷ್ಟು ದೊಡ್ಡ ರಾಜ, ಕೊಟ್ಟದ್ದು ನಮ್ಮ ಮನೆಯ ಎಲೆಅಡಿಕೆಯೇ!

ಇನ್ನೊಂದು ನಮ್ಮ ಜಿಲ್ಲೆಯದ್ದೇ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿ ಉಳ್ಳಾಲದ ರಾಣಿಯನ್ನು ನೋಡಲು ಮಣೇಲಿಗೆ ಬಂದ. ರಾಣಿ ಸಿಂಹಾಸನದಲ್ಲಿ ಕೂತಿರಲಿಲ್ಲ. ನೀರಿಗೆ ಕಣಿ ತೆಗೆಸುವ ಕೆಲಸ ನೋಡಿಕೊಂಡು ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ತಲೆಯ ಮೇಲೆ ಓಲೆಯ ಕೊಡೆ. ಅಲ್ಲೇ ನಿಂತು ಅತಿಥಿಯನ್ನು ಚೆನ್ನಾಗಿ ಮಾತಾಡಿಸಿದಳು. ಅದೂ ಮರ್ಯಾದೆಯೇ ಅಲ್ಲವೇ?

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ಒಂದು ಕಾರ್ಯಕ್ರಮಕ್ಕೆ ದೊಡ್ಡ ಅತಿಥಿಯೊಬ್ಬರು ಬಂದರು. ಹೆಸರು ಬರೆಯುವುದಿಲ್ಲ. ಹತ್ತು ಗಂಟೆಗೆ ಬರುತ್ತಾರೆಂದು ನಮ್ಮನ್ನು ಒಂಬತ್ತೂವರೆಗೇ ರಸ್ತೆಯ ಎರಡು ಬದಿಗೆ ಹೂ ಹಿಡಿದು ನಿಲ್ಲಿಸಿದರು. ಅವರು ಬಂದದ್ದು ಒಂದು ಗಂಟೆಗೆ. ಹೂವೂ ಬಾಡಿತು, ನಾವೂ ಬಾಡಿದೆವು. ನನ್ನ ಪಕ್ಕ ನಿಂತಿದ್ದ ಎರಡನೇ ಕ್ಲಾಸಿನ ಹುಡುಗಿ ತಲೆ ತಿರುಗಿ ಬಿದ್ದಳು. ನಾನೂ ನನ್ನ ಗೆಳತಿಯೂ ಅವಳನ್ನು ಎತ್ತಿಕೊಂಡು ಹೋಗಿ ಮರದ ಅಡಿಯಲ್ಲಿ ಮಲಗಿಸಿ ನೀರು ಕೊಟ್ಟೆವು. ಅಷ್ಟರಲ್ಲಿ ಕಾರು ಬಂತು. ಗ್ಲಾಸು ಏರಿಸಿಯೇ ಇತ್ತು. ನಾವು ಎಸೆದ ಹೂ ಗ್ಲಾಸಿನ ಮೇಲೆ ಬಿತ್ತು. ಅವರು ನಮ್ಮನ್ನು ನೋಡಿದರೋ ಇಲ್ಲವೋ ದೇವರಿಗೇ ಗೊತ್ತು.

ಮನೆಗೆ ಬಂದು ಹೇಳಿದಾಗ ಅಜ್ಜಿ, "ನೆಂಟರು ಬಂದರೆ ನಾವು ಮಕ್ಕಳಿಗೆ ಮೊದಲು ಬಡಿಸುತ್ತೇವೆ. ಹಸಿದ ಮಗುವನ್ನು ಜಗಲಿಯಲ್ಲಿ ನಿಲ್ಲಿಸಿ ನೆಂಟರಿಗೆ ಪಾಯಸ ಕೊಟ್ಟರೆ ಅವರಿಗೆ ಗಂಟಲಲ್ಲಿ ಇಳಿಯುತ್ತದಾ?" ಎಂದು ಕೇಳಿದರು. ನನಗೆ ಆ ಮಾತು ಸರಿ ಎಂದು ಕಂಡಿತು.

ದೊಡ್ಡವರಿಗೆ ಕೆಲಸ ಹೆಚ್ಚು, ತಡ ಆಗುತ್ತದೆ, ಸ್ವಾಗತ ಚೆನ್ನಾಗಿದ್ದರೆ ಶಾಲೆಗೆ ಸಹಾಯ ಸಿಗುತ್ತದೆ ಎಂದು ಕೆಲವರು ಹೇಳಬಹುದು. ಅದು ಸುಳ್ಳಲ್ಲ. ಗುರುಗಳಿಗೂ ಮೇಲಿನಿಂದ ಹೆದರಿಕೆ ಇರುತ್ತದೆ, ಅವರೂ ಆ ದಿನ ನಮ್ಮ ಜೊತೆ ಬಿಸಿಲಲ್ಲೇ ನಿಂತಿದ್ದರು. ಆದರೆ ತಡ ಆಗುವುದಾದರೆ ನಾವು ನೆರಳಲ್ಲಿ ಕೂತು ಕಾಯಬಹುದಲ್ಲ? ನಾವು ಕೂತಿದ್ದರೆ ಅತಿಥಿಗೆ ಏನು ಕಡಿಮೆ ಆಗುತ್ತದೆ?

ನನ್ನ ಸಲಹೆಗಳು ಇಷ್ಟೇ. ಸ್ವಾಗತಕ್ಕೆ ಆರು, ಏಳನೇ ತರಗತಿಯ ಹತ್ತು ಮಕ್ಕಳು ಸಾಕು. ಚಿಕ್ಕವರು ಕ್ಲಾಸಿನಲ್ಲೇ ಇರಲಿ, ಪಾಠ ನಡೆಯಲಿ. ಕಾರು ತಿರುವಿಗೆ ಬಂದಾಗ ಒಬ್ಬ ಓಡಿ ಬಂದು ಹೇಳಿದರೆ ಹತ್ತು ಮಂದಿ ಸಾಲು ನಿಲ್ಲಲು ಎರಡು ನಿಮಿಷ ಸಾಕು. ಹಾರ ತುರಾಯಿ ಬೇಡ, ನಮ್ಮ ಕ್ರಮದಂತೆ ಬೆಲ್ಲ ನೀರು ಕೊಡೋಣ. ಅತಿಥಿಗಳು ಭಾಷಣಕ್ಕೆ ಮೊದಲು ಒಂದು ಕ್ಲಾಸಿಗೆ ಬಂದು ನಮ್ಮ ಹತ್ತಿರ ಮಾತಾಡಲಿ, ಉಳ್ಳಾಲದ ರಾಣಿಯ ಹಾಗೆ.

ಬರುವ ತಿಂಗಳು ವಾರ್ಷಿಕೋತ್ಸವ ಉಂಟು. ಅತಿಥಿಗಳು ಬರುತ್ತಾರೆ. ಅದಕ್ಕೇ ಈಗಲೇ ಬರೆದೆ. ಹೆಡ್‌ಮಾಷ್ಟ್ರು ಇದನ್ನು ಓದಿ ಯೋಚನೆ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ತಪ್ಪಿದ್ದರೆ ಕ್ಷಮಿಸಿ.

– ಏಳನೇ ತರಗತಿಯ ವಿದ್ಯಾರ್ಥಿನಿ