ಕೋಡಿ ಕಾಯುವುದು ಮಟ್ಟವನ್ನು, ಅಲೆಯನ್ನಲ್ಲ

ಉಣಕಲ್ ಕೆರೆಗೆ ಕೋಡಿಯಿದೆ, ಒಡ್ಡು ಹಳೆಯದಾದರೂ ಗಟ್ಟಿ, ಹಾಗಾಗಿ ಅದರ ತಪಾಸಣೆ ದಂಡದ ಖರ್ಚು ಎಂಬುದು ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದರ ವಾದ. ಕೋಡಿಯೇನೋ ಸರಿ. ಆದರೆ ತುಂಬಿದ ಕೆರೆಯ ಮೇಲೆ ಗಾಳಿ ಒಡ್ಡಿನತ್ತ ಬೀಸಿದರೆ ಅಲೆ ಇಳಿಜಾರನ್ನೇರಿ ನೀರಿನ ಮಟ್ಟಕ್ಕಿಂತ ಮೇಲೆ ಹೋಗುತ್ತದೆ. ಹಿಂದೆ ಸರಿಯುವಾಗ ಕಲ್ಲುಕಟ್ಟಡದ ಸಂದಿಯ ಮಣ್ಣನ್ನು ಎಳೆದೊಯ್ಯುತ್ತದೆ. ಆಧಾರ ಕಳೆದುಕೊಂಡ ಕಲ್ಲು ಕುಸಿಯುತ್ತದೆ. ಒಡ್ಡಿನ ನೆತ್ತಿ ದಾಟಿದ ನೀರು ಹಿಂಬದಿಯಲ್ಲಿ ಹುಲ್ಲು ಸವೆದ ಜಾಗವನ್ನೇ ಹುಡುಕಿ ಕೊರೆಯುತ್ತದೆ. ಇನ್ನು ಗಟ್ಟಿತನದ ಮಾತು: ನೆತ್ತಿಯ ಸರಾಸರಿ ಎತ್ತರ ಲೆಕ್ಕಕ್ಕಿಲ್ಲ, ತೀರಾ ತಗ್ಗಾದ ಒಂದು ಮಾರು ಸಾಕು, ನೀರು ಅಲ್ಲಿಂದಲೇ ದಾಟುತ್ತದೆ. ಗೇಟುಗಳಿದ್ದೂ 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು ಅಣೆಕಟ್ಟಿನ ಮಣ್ಣಿನ ಒಡ್ಡಿನ ಮೇಲೆ ನೀರು ಹರಿದು, ಮೋರ್ಬಿ ಪಟ್ಟಣ ಕೊಚ್ಚಿಹೋಯಿತು. ಮುಂಗಾರಿಗೆ ಮೊದಲು ಒಡ್ಡಿನ ನೆತ್ತಿ ಅಳೆಸಿ, ಅಂಕಿಗಳನ್ನು ಜನರ ಮುಂದಿಡಿ.

– ಒಬ್ಬ ಓದುಗ, ಕಮರಿಪೇಟೆ, ಹುಬ್ಬಳ್ಳಿ