ಹಗುರ ಕೋಲಿಗೆ ಎಷ್ಟು ದೊಡ್ಡ ನೊಣ?

ಫ್ಲೈ ಫಿಶಿಂಗಿನಲ್ಲಿ ಗಾಳಕ್ಕೆ ಚುಚ್ಚುವುದು ಎರೆಹುಳುವನ್ನಲ್ಲ. ಗರಿ, ತುಪ್ಪಳಗಳನ್ನು ಗಾಳದ ಮೇಲೆ ಸುತ್ತಿ ಕಟ್ಟಿದ ಕೃತಕ ನೊಣವೇ ಅಲ್ಲಿ ಎರೆ. ಅದಕ್ಕಿರುವ ತೂಕ ಅತ್ಯಲ್ಪ. ಅದನ್ನು ದೂರಕ್ಕೆ ಒಯ್ಯುವುದು ದಾರದ ತೂಕ. ಅಮೆರಿಕದವರು ಗೊತ್ತುಮಾಡಿದ ಅಳತೆಯಂತೆ 3ನೆಯ ಸಂಖ್ಯೆಯ ಕೋಲಿಗೆ ಹೊಂದುವ ದಾರದ ಮೊದಲ 30 ಅಡಿ ಸುಮಾರು 6.5 ಗ್ರಾಂ ತೂಗುತ್ತದೆ. 5ನೆಯದರದು 9 ಗ್ರಾಂ.

ಗಾಳದ ಸಂಖ್ಯೆ ಹೆಚ್ಚಿದಷ್ಟೂ ಗಾಳ ಚಿಕ್ಕದು. ಗಣಿತ ಕಲಿಸಿದ ನನಗೆ ಈ ತಲೆಕೆಳಗಾದ ಲೆಕ್ಕ ಇಂದಿಗೂ ನಗು ತರಿಸುತ್ತದೆ. 3ರ ಕೋಲಿಗೆ 12ರಿಂದ 20ರವರೆಗಿನ ನೊಣಗಳು ಸರಿ ಎಂಬುದು ರೂಢಿಯ ಮಾತು. ಆದರೆ ಸಂಖ್ಯೆಯೊಂದನ್ನೇ ನಂಬುವುದನ್ನು ನಾನು ಒಪ್ಪಲಾರೆ. ಪೊದೆಯಂತೆ ಗರಿ ಕೆದರಿದ 12ರ ನೊಣ ಗಾಳಿಗೆ ತಡೆಯೊಡ್ಡಿ, ಹಗುರ ದಾರವನ್ನು ನಡುದಾರಿಯಲ್ಲೇ ಕುಸಿಯುವಂತೆ ಮಾಡುತ್ತದೆ; ಮೈ ತೆಳ್ಳಗಿರುವ 10ರದು ಸಲೀಸಾಗಿ ಹೋದೀತು. ಟಂಗ್‌ಸ್ಟನ್ ಮಣಿ ಪೋಣಿಸಿದ ದಪ್ಪ ನೊಣವಂತೂ ದಾರದ ಅಂಕೆ ಮೀರಿ ಕೆಳಗಿಳಿದು ಕೋಲಿನ ತುದಿಗೋ, ಬೀಸುವವನ ಕಿವಿಗೋ ಬಡಿಯುತ್ತದೆ. ಕನ್ನಡಕವಿಲ್ಲದೆ ಅಂಥದನ್ನು ಬೀಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಕಣ್ಣೇನು ಅಂಗಡಿಯಲ್ಲಿ ಸಿಗುವ ವಸ್ತುವೇ?

ದೊಡ್ಡ ನೊಣವೇ ಬೇಕೆಂದಿದ್ದರೆ 5ರ ಕೋಲನ್ನೇ ಹಿಡಿಯಿರಿ.